ನಿನ್ನೆ ಸಂಜೆ ಆಕಾಶದಲ್ಲಿ ಹಸಿರು ಬೆಂಕಿಯುಂಡೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಯಾರ್ಯಾರು ನೋಡಿದಿರಿ?

ಮೆಣಸಿನ ಕಣ (ಸಿರುಗುಪ್ಪ ಕಡೆ)

ನಿನ್ನೆ ಸಂಜೆ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಮೆಣಸಿನಕಾಯಿ ಕಣದಲ್ಲಿ ಕಾವಲಿಗೆ ಕೂತಿದ್ದೆವು. ಕರೆಂಟ್ ಇರಲಿಲ್ಲ, ಕತ್ತಲೆ ಚೆನ್ನಾಗಿತ್ತು. ಒಂದೇ ಸಲಕ್ಕೆ ಕಣವೆಲ್ಲ ಬೆಳಗಿತು. ವೆಲ್ಡಿಂಗ್ ಅಂಗಡಿ ಮುಂದೆ ನಿಂತ ಹಾಗೆ ಕಣ್ಣು ಕುಕ್ಕುವ ಬೆಳಕು. ತಲೆ ಎತ್ತಿದರೆ ಬಲಗಡೆ ಮೇಲಿಂದ ಎಡಗಡೆ ಕೆಳಕ್ಕೆ ಒಂದು ಉಂಡೆ ಹೋಗುತ್ತಿತ್ತು. ತಲೆ ಹಸಿರು, ಬಾಲ ಕಿತ್ತಳೆ. ಕೊನೆಗೆ ಎರಡೋ ಮೂರೋ ತುಂಡಾಗಿ ಆರಿತು. ಐದಾರು ಸೆಕೆಂಡ್ ಇರಬಹುದು. ಕಾಯಿ ರಾಶಿಯ ನೆರಳು ನೆಲದ ಮೇಲೆ ಸರಿಯುತ್ತಾ ಹೋಗಿದ್ದನ್ನು ಕಣ್ಣಾರೆ ಕಂಡೆ.

ಸದ್ದು ಕೇಳಲಿಲ್ಲ. ಪಕ್ಕದಲ್ಲಿ ಟ್ರ್ಯಾಕ್ಟರ್ ಓಡುತ್ತಿತ್ತು. ಬೇರೆ ಯಾರಾದರೂ ನೋಡಿದ್ದೀರಾ?

ಕೌಲ್ ಬಜಾರ್ ಹುಡುಗ

ನೋಡಿದೆ ಅಣ್ಣ! ಬಳ್ಳಾರಿಯಲ್ಲಿ ಮಾಳಿಗೆ ಮೇಲೆ ಇದ್ದೆ. ಊರಿನ ದೀಪದ ಬೆಳಕಿನಲ್ಲೂ ಕಂಡಿತು. ಕುರುಗೋಡು ಗುಡ್ಡದ ಹಿಂದೆ ಬಿದ್ದಿದೆ, ಗ್ಯಾರಂಟಿ. ನಾಳೆ ಗೆಳೆಯರೆಲ್ಲ ಸೇರಿ ಬೈಕ್‌ನಲ್ಲಿ ಹುಡುಕೋಕೆ ಹೋಗ್ತೀವಿ.

ಸ್ಟೇಷನ್ ರೋಡ್ ರಾಯಚೂರು

ನಾನೂ ನೋಡಿದೆ, ಆದರೆ ನನಗೆ ಕಂಡಿದ್ದು ಎಡದಿಂದ ಬಲಕ್ಕೆ. ಮಂತ್ರಾಲಯದ ದಿಕ್ಕಿನಲ್ಲಿ ತುಂಬಾ ಎತ್ತರದಲ್ಲಿ ಶುರುವಾಯಿತು. ಪಡುವಣಕ್ಕೆ ಇಳಿದು ಆರಿತು. ಸಿರುಗುಪ್ಪದವರು ಬಲದಿಂದ ಎಡಕ್ಕೆ ಅನ್ನುತ್ತಿದ್ದಾರೆ. ಎರಡು ಬೇರೆ ಬೇರೆ ಇರಬಹುದಾ? ನಮ್ಮ ಅಮ್ಮ ಮಾತ್ರ ರಾಯರ ಮಠದ ಮೇಲಿಂದ ಬಂತು, ಒಳ್ಳೆಯದೇ ಆಗುತ್ತೆ ಅಂತ ಕೈ ಮುಗಿದು ಕೂತಿದ್ದಾರೆ.

ಸುಮ್ನೆ ಓದುಗ

ಯಾವುದೋ ರಾಕೆಟ್ ಚೂರು ಇರುತ್ತೆ ಬಿಡಿ. ಮಹಾರಾಷ್ಟ್ರದಲ್ಲಿ ಹಿಂಗೇ ಆಗಿತ್ತಲ್ವಾ, ಯುಗಾದಿ ದಿನ.

ಕೊಪ್ಪಳದ ಮೇಷ್ಟ್ರು

ದಯವಿಟ್ಟು ಒಂದು ಕೆಲಸ ಮಾಡಿ. ನೋಡಿದವರು ಬೇರೆಯವರ ಪೋಸ್ಟ್ ಓದುವ ಮೊದಲು ನಿಮ್ಮದನ್ನು ಬರೆದಿಡಿ. ಒಬ್ಬರ ಮಾತು ಇನ್ನೊಬ್ಬರ ನೆನಪಿಗೆ ಸೇರಿಬಿಡುತ್ತದೆ. ನಾಳೆ ಹೊತ್ತಿಗೆ ಎಲ್ಲರೂ ಒಂದೇ ಕಥೆ ಹೇಳುತ್ತಿರುತ್ತೀರಿ. ಆಮೇಲೆ ಅದರಿಂದ ಏನೂ ಉಪಯೋಗವಿಲ್ಲ.

ನನಗೆ ಬೇಕಾಗಿದ್ದು ಇಷ್ಟು. ನೀವು ನಿಂತಿದ್ದ ಜಾಗ. ಎಲ್ಲಿ ಕಾಣಿಸಿಕೊಂಡಿತು, ಎಲ್ಲಿ ಆರಿತು. ಯಾವ ಮರ, ಯಾವ ಕಂಬ, ಯಾವ ಟ್ಯಾಂಕಿನ ನೇರಕ್ಕೆ. ಎತ್ತರ ಹೇಳೋಕೆ ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿ. ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ನೆಲದ ಅಂಚಿನಿಂದ ಎಷ್ಟು ಮುಷ್ಟಿ ಮೇಲೆ ಅಂತ ಎಣಿಸಿ. ಅದೇ ಜಾಗಕ್ಕೆ ಮತ್ತೆ ಹೋಗಿ ನಿಂತು ಅಳೆದರೆ ಇನ್ನೂ ಒಳ್ಳೆಯದು. ಸದ್ದು ಕೇಳಿದ್ದರೆ, ಬೆಳಕು ಆರಿದ ಮೇಲೆ ಎಷ್ಟು ಹೊತ್ತಿಗೆ ಅಂತ ಬರೆಯಿರಿ.

ರಾಕೆಟ್ ಬಗ್ಗೆ: 2022ರ ಏಪ್ರಿಲ್ 2ರಂದು ಚಂದ್ರಪುರ ಜಿಲ್ಲೆಯಲ್ಲಿ ಬಿದ್ದಿದ್ದು ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗ. ಸಿಂದೇವಾಹಿ ಹತ್ತಿರ ದೊಡ್ಡ ಲೋಹದ ಬಳೆಯೇ ಸಿಕ್ಕಿತ್ತು. ಆದರೆ ಕಕ್ಷೆಯಿಂದ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ 8 ಕಿ.ಮೀ. ಒಳಗೆ. ಅದು ಸಾಲಾಗಿ ಚೂರುಗಳನ್ನು ಬಿಡುತ್ತಾ ಆಕಾಶದಲ್ಲಿ ನಿಧಾನಕ್ಕೆ ತೆವಳುತ್ತದೆ. ಫೋನ್ ತೆಗೆದು ವಿಡಿಯೋ ಮಾಡುವಷ್ಟು ಸಮಯ ಸಿಗುತ್ತದೆ. ಉಲ್ಕೆಯ ವೇಗ ಸೆಕೆಂಡಿಗೆ 11ರಿಂದ 72 ಕಿ.ಮೀ. ಐದಾರು ಸೆಕೆಂಡಿಗೆ ಮುಗಿದಿದೆ ಅಂದರೆ ಇದು ಉಲ್ಕೆಯೇ.

ಭತ್ತದ ನಾಡು ಗಂಗಾವತಿ

ಮೇಷ್ಟ್ರೇ, ನಾನು ಮನೆ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಮುಖ ಉತ್ತರಕ್ಕಿತ್ತು. ಬಲಗಡೆಯಿಂದ ಬಂತು, ಸರಿಯಾಗಿ ಉತ್ತರಕ್ಕೆ ಬಂದು ಆರಿತು. ಎದುರು ಮನೆಯ ಸಿಂಟೆಕ್ಸ್ ಟ್ಯಾಂಕಿನ ಸ್ವಲ್ಪ ಮೇಲೆ. ಈಗಷ್ಟೇ ಹೋಗಿ ಅಳೆದೆ, ಎರಡು ಮುಷ್ಟಿ, ಮೇಲೆ ಚೂರು. ನನ್ನ ಕೈ ಚಿಕ್ಕದು, ಪರವಾಗಿಲ್ವಾ?

ಕೊಪ್ಪಳದ ಮೇಷ್ಟ್ರು

ಪರವಾಗಿಲ್ಲ ಅಕ್ಕ. ಕೈ ಚಿಕ್ಕದಾದರೆ ತೋಳೂ ಚಿಕ್ಕದಿರುತ್ತದೆ, ಲೆಕ್ಕ ಸರಿಹೋಗುತ್ತದೆ. ಟ್ಯಾಂಕ್ ಹೇಳಿದಿರಲ್ಲ, ಅದು ಬಂಗಾರ.

ಹಟ್ಟಿ ಕ್ವಾರ್ಟರ್ಸ್

ನಮಗೆ ಬಹುತೇಕ ತಲೆ ಮೇಲೇ ಕಂಡಿತು. ಮೂಡಣದಿಂದ ಬಂದು, ನೆತ್ತಿಯಿಂದ ಎರಡು ಮುಷ್ಟಿಗಿಂತ ಸ್ವಲ್ಪ ಕೆಳಗೆ ಆರಿತು. ದಕ್ಷಿಣಕ್ಕೆ, ಚೂರು ಪಡುವಣಕ್ಕೆ ವಾಲಿ. ಎಡದಿಂದ ಬಲಕ್ಕೆ.

ಸದ್ದು ಕೇಳಿದೆ. ಮೊದಲು ಧಡ್ ಅಂತ ಎರಡು ಸಲ, ಆಮೇಲೆ ಗುಡುಗುಡು ಅಂತ ಎಳೆದುಕೊಂಡು ಹೋಯಿತು. ಅಕ್ಕಪಕ್ಕದವರು ಗಣಿ ಬ್ಲಾಸ್ಟಿಂಗ್ ಅಂದರು. ಬ್ಲಾಸ್ಟಿಂಗ್ ನಮಗೆ ಕಾಲಿನ ಕೆಳಗಿಂದ ಗೊತ್ತಾಗುತ್ತೆ ರೀ, ಇದು ಮೇಲಿಂದ ಬಂತು. ಹೊತ್ತು ಪಕ್ಕಾ ಹೇಳಬಲ್ಲೆ. ಬೆಳಕು ಆರಿದ ತಕ್ಷಣ ತಮ್ಮನಿಗೆ ಫೋನ್ ಮಾಡಿದ್ದೆ. ಮಾತಾಡುವಾಗಲೇ ಸದ್ದು ಬಂತು, ಗಾಬರಿಯಲ್ಲಿ ಕಟ್ ಮಾಡಿದೆ. ಕಾಲ್ ಲಾಗ್‌ನಲ್ಲಿ 1 ನಿಮಿಷ 25 ಸೆಕೆಂಡ್ ಇದೆ. ರಿಂಗ್ ಆಗೋಕೆ ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ.

ಕೊಪ್ಪಳದ ಮೇಷ್ಟ್ರು

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ! ಲೆಕ್ಕ ನೋಡಿ.

ಸದ್ದಿಗೆ ಒಂದು ಕಿ.ಮೀ. ದಾಟೋಕೆ ಸುಮಾರು ಮೂರು ಸೆಕೆಂಡ್ ಬೇಕು. ಮೇಲಿನ ಚಳಿ ಗಾಳಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಹಟ್ಟಿಯವರಿಗೆ 100 ಸೆಕೆಂಡ್ ಅಂದರೆ 30ರಿಂದ 33 ಕಿ.ಮೀ. ದೂರ. ಅದು ಬಹುತೇಕ ಮೇಲಕ್ಕೇ ಇರುವ ದೂರ. ಹಾಗಾಗಿ ಉಲ್ಕೆ ಆರಿದ್ದು ನೆಲದಿಂದ 30 ಕಿ.ಮೀ. ಆಸುಪಾಸು ಎತ್ತರದಲ್ಲಿ. ವಿಮಾನ ಹಾರುವುದು 10-12 ಕಿ.ಮೀ.ನಲ್ಲಿ ಅನ್ನುವುದನ್ನು ನೆನಪಿಡಿ.

ಇನ್ನು ಎಡ-ಬಲದ ಜಗಳ. ಸಿರುಗುಪ್ಪ, ಗಂಗಾವತಿ, ಬಳ್ಳಾರಿ ಮೂವರೂ ಉತ್ತರಕ್ಕೆ ಮುಖ ಮಾಡಿ ನೋಡಿದ್ದೀರಿ. ಮೂವರಿಗೂ ಬಲದಿಂದ ಎಡಕ್ಕೆ. ರಾಯಚೂರು, ಹಟ್ಟಿಯವರು ದಕ್ಷಿಣಕ್ಕೆ ಮುಖ ಮಾಡಿದ್ದೀರಿ. ನಿಮಗೆ ಎಡದಿಂದ ಬಲಕ್ಕೆ. ಎರಡು ಉಲ್ಕೆ ಬೇಕಿಲ್ಲ. ಒಂದೇ ಉಲ್ಕೆ ನಿಮ್ಮ ಮಧ್ಯೆ ಮೂಡಣದಿಂದ ಪಡುವಣಕ್ಕೆ ಹೋಗಿದೆ. ಎಲ್ಲರೂ ಬಲದಿಂದ ಎಡಕ್ಕೆ ಅಂದಿದ್ದರೆ ಅದು ನಿಮ್ಮೆಲ್ಲರಿಗಿಂತ ಉತ್ತರದಲ್ಲಿ ಎಲ್ಲೋ ಹೋಯಿತು ಅನ್ನಬಹುದಿತ್ತು, ಅಷ್ಟೇ. ಬಳ್ಳಾರಿಯಿಂದ ರಾಯಚೂರಿಗೆ ನೇರ ಗೆರೆ ಎಳೆದರೆ ಸುಮಾರು 125 ಕಿ.ಮೀ. ಇಷ್ಟು ಅಂತರದ ಎರಡು ಕಡೆಯಿಂದ ನೋಡಿದವರು ಸಿಕ್ಕಿದ್ದು ನಮ್ಮ ಅದೃಷ್ಟ.

ನಕ್ಷೆಯ ಮೇಲೆ ಗೆರೆಗಳನ್ನು ಎಳೆದೆ. ಹೊತ್ತಿಕೊಂಡಿದ್ದು ಮಂತ್ರಾಲಯದ ನೇರಕ್ಕೆ, 80 ಕಿ.ಮೀ. ಹತ್ತಿರದ ಎತ್ತರದಲ್ಲಿ. ಆರಿದ್ದು ಮಸ್ಕಿ ಮತ್ತು ಲಿಂಗಸುಗೂರಿನ ನಡುವೆ. ದಾರಿಯ ಉದ್ದ 100 ಕಿ.ಮೀ. ಆಸುಪಾಸು. ಆರು ಸೆಕೆಂಡ್ ಹಿಡಿದರೆ ಸೆಕೆಂಡಿಗೆ 17 ಕಿ.ಮೀ. ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನ. ಸಂಜೆ ಹೊತ್ತಿನಲ್ಲಿ ಕಾಣುವವು ಸಾಮಾನ್ಯವಾಗಿ ಹೀಗೇ. ಭೂಮಿ ಮುಂದಕ್ಕೆ ಓಡುವಾಗ ನಾವು ಸಂಜೆ ಅದರ ಬೆನ್ನಿನ ಕಡೆ ಇರುತ್ತೇವೆ. ಹಿಂದಿನಿಂದ ಅಟ್ಟಿಸಿಕೊಂಡು ಬಂದವು ಮಾತ್ರ ಸಿಗುತ್ತವೆ. ಬೆಳಗಿನ ಜಾವ ನಾವು ಮುಂಭಾಗದಲ್ಲಿರುತ್ತೇವೆ, ಎದುರಾಬದುರು ಗುದ್ದುತ್ತವೆ, ಅವುಗಳ ವೇಗ ಜಾಸ್ತಿ.

ಈ ಗೆರೆ ಸರಿ ಇದ್ದರೆ ಮಾನ್ವಿಯವರಿಗೆ ಸರಿಯಾಗಿ ನೆತ್ತಿಯ ಮೇಲೆ ಹೋಗಿರಬೇಕು. ಮಾನ್ವಿಯವರು ಯಾರಾದರೂ ಇದ್ದೀರಾ?

ಕೌಲ್ ಬಜಾರ್ ಹುಡುಗ

ಅಂದ್ರೆ ಕುರುಗೋಡಲ್ಲಿ ಇಲ್ವಾ ಸರ್? ಕಣ್ಣೆದುರಿಗೇ ಗುಡ್ಡದ ಹಿಂದೆ ಇಳೀತು.

ಕೊಪ್ಪಳದ ಮೇಷ್ಟ್ರು

ದಿಕ್ಕು ಸರಿಯಾಗಿಯೇ ಹೇಳಿದ್ದೀಯಪ್ಪ. ಕುರುಗೋಡಿನ ದಿಕ್ಕಿನಲ್ಲೇ ಇತ್ತು, ಅದರಾಚೆ ಇನ್ನೂ ಎಂಬತ್ತು ಕಿ.ಮೀ. ಮುಂದೆ. ರಾತ್ರಿ ಆಕಾಶದಲ್ಲಿ ದೂರ ಅಳೆಯೋಕೆ ಕಣ್ಣಿಗೆ ಆಸರೆಯೇ ಇಲ್ಲ. ಎಲ್ಲ ಊರಿನವರಿಗೂ ಉಲ್ಕೆ ತಮ್ಮ ಗುಡ್ಡದ ಹಿಂದೆಯೇ ಬೀಳುತ್ತದೆ. ಬೈಕ್ ಪೆಟ್ರೋಲ್ ಉಳಿಸಿ.

ಮಾನ್ವಿ ಬಸ್ ಸ್ಟ್ಯಾಂಡ್

ಗೆಳೆಯ ಈ ಲಿಂಕ್ ಕಳಿಸಿದ. ಮೇಲಿನ ಚರ್ಚೆ ಓದಿಲ್ಲ. ನಾವು ಹೋಟೆಲ್ ಮುಂದೆ ನಿಂತಿದ್ದೆವು. ಸರಿಯಾಗಿ ತಲೆ ಮೇಲೆ ಹೋಯಿತು, ಕತ್ತು ಹಿಂದಕ್ಕೆ ಬಾಗಿಸಿ ನೋಡಿದೆವು. ಮಂತ್ರಾಲಯದ ಕಡೆಯಿಂದ ಲಿಂಗಸುಗೂರಿನ ಕಡೆಗೆ. ಚಹಾ ಕುಡಿದು ಲೋಟ ಇಡುವ ಹೊತ್ತಿಗೆ, ಮೂರು ನಿಮಿಷ ಆಗಿರಬೇಕು, ಶಟರ್ ಸಣ್ಣಗೆ ಅದುರಿತು. ಭೂಕಂಪ ಅಂತ ಎರಡು ಮೂರು ಜನ ರಸ್ತೆಗೆ ಓಡಿದರು.

ಸ್ಟೇಷನ್ ರೋಡ್ ರಾಯಚೂರು

ಮೇಷ್ಟ್ರಿಗೆ ಒಂದು ಚಹಾ ಬಾಕಿ ಇದೆ ನನ್ನ ಲೆಕ್ಕದಲ್ಲಿ.

ಭತ್ತದ ನಾಡು ಗಂಗಾವತಿ

ನನ್ನದೊಂದು ಪ್ರಶ್ನೆ. ಪಕ್ಕದ ಮನೆಯ ಅಜ್ಜಿ ಬೆಳಕಿನ ಜೊತೆಗೇ ಸರ್ರ್ ಅಂತ ಸದ್ದು ಕೇಳಿತು ಅಂತ ಹೇಳುತ್ತಿದ್ದಾರೆ. ನನಗೇನೂ ಕೇಳಲಿಲ್ಲ. ಸದ್ದು ತಡವಾಗಿ ಬರಬೇಕಲ್ವಾ?

ಕೊಪ್ಪಳದ ಮೇಷ್ಟ್ರು

ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. ಪ್ರಪಂಚದ ಎಷ್ಟೋ ಕಡೆ ಜನ ಹೀಗೆ ಹೇಳಿದ್ದಾರೆ. ಬಹಳ ಕಾಲ ವಿಜ್ಞಾನಿಗಳು ಇದು ಬರೀ ಭ್ರಮೆ ಅನ್ನುತ್ತಿದ್ದರು. 2017ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಒಂದು ವಿವರಣೆ ಕೊಟ್ಟರು. ಉಲ್ಕೆಯ ಬೆಳಕು ಬಹಳ ಬೇಗ ಬೇಗ ಮಿನುಗುತ್ತದೆ. ಆ ಬೆಳಕು ಎಲೆ, ಕೂದಲು, ಕಪ್ಪು ಬಟ್ಟೆಯ ಮೇಲೆ ಬಿದ್ದಾಗ ಅವು ಅಷ್ಟೇ ಬೇಗ ಬಿಸಿಯಾಗಿ ತಣ್ಣಗಾಗುತ್ತವೆ. ಸುತ್ತಲಿನ ಗಾಳಿ ಅದುರಿ ಸಣ್ಣ ಸದ್ದು ಹುಟ್ಟುತ್ತದೆ. ಅಂದರೆ ಸದ್ದು ಆಕಾಶದಿಂದ ಬಂದಿದ್ದಲ್ಲ, ಕಿವಿಯ ಹತ್ತಿರವೇ ಹುಟ್ಟಿದ್ದು. ತುಂಬಾ ಪ್ರಕಾಶ ಇದ್ದರೆ ಮಾತ್ರ ಸಾಧ್ಯ. ಅಜ್ಜಿ ಯಾವುದಾದರೂ ಗಿಡದ ಪಕ್ಕ ಕೂತಿದ್ದರಾ ಕೇಳಿ.

ಭತ್ತದ ನಾಡು ಗಂಗಾವತಿ

ತುಳಸಿ ಕಟ್ಟೆ ಹತ್ತಿರ!

ಸುಮ್ನೆ ಓದುಗ

ನಮ್ಮ ಕಡೆ ಚುಕ್ಕಿ ಬಿದ್ದರೆ ಯಾರೋ ದೊಡ್ಡವರು ಹೋಗುತ್ತಾರೆ ಅಂತಾರೆ. ಇವತ್ತು ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ಎಲ್ಲ ನೆಂಟರಿಗೂ ಫೋನ್ ಮಾಡಿ ಆರೋಗ್ಯ ವಿಚಾರಿಸಿದ್ದಾರೆ. ಅಪಶಕುನ ಇರಲಿ ಬಿಡಲಿ, ಎಷ್ಟೋ ವರ್ಷದಿಂದ ಮಾತಾಡದವರೆಲ್ಲ ಮಾತಾಡಿದರು.

ಗಿಣಿಗೇರಿ ಬೈಕ್

ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ. ನನಗೆ ಕಲ್ಲು ಸಿಕ್ಕಿದೆ. ಇವತ್ತು ಬೆಳಿಗ್ಗೆ ಹೊಲದ ದಾರಿಯಲ್ಲಿ. ಕಪ್ಪಗಿದೆ, ಭಾರ ಇದೆ, ಆಯಸ್ಕಾಂತ ಹಿಡಿಯುತ್ತೆ, ಮೈಮೇಲೆಲ್ಲ ಸಣ್ಣ ಸಣ್ಣ ತೂತು. ಫೋಟೋ ಹಾಕಿದ್ದೇನೆ. ಒಬ್ಬರು ಐದು ಲಕ್ಷಕ್ಕೆ ಕೇಳಿದ್ದಾರೆ. ಕೊಡಲಾ?

ಹಟ್ಟಿ ಕ್ವಾರ್ಟರ್ಸ್

ಐದು ಲಕ್ಷ ಕೈಗೆ ಬಂದರೆ ಕಣ್ಣು ಮುಚ್ಚಿ ಕೊಡಿ. ಆದರೆ ಅವರೇ ಮೊದಲು ನಿಮ್ಮ ಹತ್ತಿರ ಟೆಸ್ಟಿಂಗ್ ಫೀಸು ಅಂತ ಇಪ್ಪತ್ತು ಸಾವಿರ ಕೇಳುತ್ತಾರೆ, ನೋಡುತ್ತಿರಿ. ಅಕ್ಕಿ ಸೆಳೆಯುವ ಮಾಯದ ಚೆಂಬು (ರೈಸ್ ಪುಲ್ಲಿಂಗ್), ಇರಿಡಿಯಂ ಅಂತ ನಂಬಿ ಎಷ್ಟು ಜನ ಹೊಲ ಮಾರಿಕೊಂಡರು ನಮ್ಮ ಸೀಮೆಯಲ್ಲಿ. ಅದೇ ಮಂದಿ ಈಗ ಇದಕ್ಕೆ ಇಳಿದಿರಬೇಕು.

ಕೊಪ್ಪಳದ ಮೇಷ್ಟ್ರು

ಫೋಟೋ ನೋಡಿದೆ. ತೂತುಗಳೇ ಹೇಳುತ್ತಿವೆ, ಇದು ಕಬ್ಬಿಣದ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟ. ಕಾದು ಕರಗಿದ್ದರಲ್ಲಿ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗಿವೆ. ಉಲ್ಕಾಶಿಲೆಯ ಒಳಗೆ ಗುಳ್ಳೆ ಇರುವುದು ತೀರಾ ಅಪರೂಪ. ಗಿಣಿಗೇರಿ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ, ಹೊಲದ ದಾರಿಗೆ ಇದನ್ನೇ ಸುರಿದಿರುತ್ತಾರೆ. ಅಲ್ಲದೆ ಉಲ್ಕೆ ಆರಿದ ಜಾಗದಿಂದ ನಿಮ್ಮೂರು ಎಷ್ಟೋ ದೂರ.

ನಮ್ಮ ಮೂರೂ ಜಿಲ್ಲೆಯವರಿಗೆ ಈ ವಿಷಯದಲ್ಲಿ ಕಷ್ಟ ಜಾಸ್ತಿ. ಬೇರೆ ಕಡೆ ಕಪ್ಪಗೆ, ಭಾರವಾಗಿ, ಆಯಸ್ಕಾಂತಕ್ಕೆ ಅಂಟುವ ಕಲ್ಲು ಸಿಕ್ಕರೆ ಅನುಮಾನ ಪಡಬಹುದು. ನಮ್ಮಲ್ಲಿ ಸಂಡೂರಿನ ಅದಿರು ಲಾರಿಯಿಂದ ಉದುರಿ ಹೆದ್ದಾರಿ ತುಂಬಾ ಬಿದ್ದಿರುತ್ತದೆ. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಪಾಲಿಶ್ ಇಲ್ಲದ ಟೈಲ್ಸ್ ಹಿಂಭಾಗದ ಮೇಲೆ ಕಲ್ಲನ್ನು ಗೀಚಿ. ಹೆಮಟೈಟ್ ಅದಿರಾದರೆ ಇಟ್ಟಿಗೆ ಕೆಂಪು ಗೆರೆ ಬರುತ್ತದೆ. ಮ್ಯಾಗ್ನಟೈಟ್ ಆದರೆ ಕಪ್ಪು ಗೆರೆ. ಹೊಸದಾಗಿ ಬಿದ್ದ ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ.

ನಿಜವಾದದ್ದು ಹೇಗಿರುತ್ತದೆ ಅಂದರೆ, ಹೊರಗೆ ತೆಳುವಾದ ಕಪ್ಪು ಸಿಪ್ಪೆ. ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಒಳಗೆ ಸಿಮೆಂಟ್ ಬಣ್ಣ, ನಡುನಡುವೆ ಮಿಣುಗುವ ಲೋಹದ ಚುಕ್ಕೆ. ಚೂಪು ಮೂಲೆ ಇರುವುದಿಲ್ಲ, ಎಲ್ಲ ಸವೆದಿರುತ್ತದೆ. ಮೇಲೆ ಹೆಬ್ಬೆರಳು ಒತ್ತಿದ ಥರ ತಗ್ಗು ಇರಬಹುದು.

ಗಿಣಿಗೇರಿ ಬೈಕ್

ಟೈಲ್ಸ್ ಮೇಲೆ ಗೀಚಿದರೆ ಏನೂ ಗೆರೆ ಬರಲಿಲ್ಲ. ಅಂದ್ರೆ ಉಲ್ಕೆ!

ಕೊಪ್ಪಳದ ಮೇಷ್ಟ್ರು

ಸ್ಲ್ಯಾಗ್ ಗಾಜಿನ ಜಾತಿ, ಅದೂ ಗೆರೆ ಬಿಡುವುದಿಲ್ಲ. ಗೆರೆ ಪರೀಕ್ಷೆ ಅದಿರನ್ನು ಪತ್ತೆ ಹಚ್ಚೋಕೆ ಮಾತ್ರ. ಗುಳ್ಳೆ ಇದ್ದ ಮೇಲೆ ಮುಗಿಯಿತು.

ಗಿಣಿಗೇರಿ ಬೈಕ್

ನೋಡೋಣ. ಅವರು ಭಾನುವಾರ ಬರುತ್ತೇನೆ ಅಂದಿದ್ದಾರೆ.

ಮೆಣಸಿನ ಕಣ (ಸಿರುಗುಪ್ಪ ಕಡೆ)

ಮೇಷ್ಟ್ರೇ, ನಮ್ಮ ಹೊಲದಲ್ಲಿ ಬಿದ್ದಿದ್ದರೆ ಮೆಣಸಿನಕಾಯಿ ರಾಶಿಗೆ ಬೆಂಕಿ ಹತ್ತುತ್ತಿತ್ತಾ? ರಾತ್ರಿಯಿಂದ ಅದೇ ತಲೆಯಲ್ಲಿ ಓಡುತ್ತಿದೆ. ವರ್ಷದ ದುಡಿಮೆ ಅಲ್ಲಿ ಒಣಗುತ್ತಿದೆ.

ಕೊಪ್ಪಳದ ಮೇಷ್ಟ್ರು

ಇಲ್ಲ, ಧೈರ್ಯವಾಗಿರಿ. ಬೆಳಕು ಆರುವುದೇ ವೇಗ ಕಳೆದುಕೊಂಡಾಗ. ಆಮೇಲೆ ಉಳಿದ ಚೂರುಗಳು ಬೇರೆ ಯಾವ ಕಲ್ಲಿನಂತೆಯೇ ಕತ್ತಲಲ್ಲಿ ಕೆಳಗೆ ಬೀಳುತ್ತವೆ. ನೆಲಕ್ಕೆ ಬರೋಕೆ ಕೆಲವು ನಿಮಿಷ ಹಿಡಿಯುತ್ತದೆ. ಕರಗಿದ್ದು ಹೊರಗಿನ ಪದರ ಮಾತ್ರ, ಒಳಗೆ ಬಾಹ್ಯಾಕಾಶದ ಚಳಿ ಹಾಗೇ ಇರುತ್ತದೆ. ನೆಲ ಮುಟ್ಟುವಾಗ ಉಗುರುಬೆಚ್ಚಗೆ ಇದ್ದರೆ ಹೆಚ್ಚು. 2022ರ ಆಗಸ್ಟ್ 17ರಂದು ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ದಿಯೋದರ್ ತಾಲೂಕಿನಲ್ಲಿ ಬಿತ್ತು. ಒಂದು ತುಂಡು ಬೇವಿನ ಮರದ ಕೊಂಬೆ ಮುರಿಯಿತು, ಇನ್ನೊಂದು ಮನೆಯ ನೆಲದ ಟೈಲ್ಸ್ ಒಡೆಯಿತು. ಬೆಂಕಿ ಹತ್ತಲಿಲ್ಲ. ನಮ್ಮ ದಕ್ಷಿಣದ ಕಡೆ ಬಿದ್ದಿದ್ದು ಅಂದರೆ ಹೊಸೂರಿನ ಕಡೆಯ ಸೂಳಗಿರಿ, 2008ರ ಸೆಪ್ಟೆಂಬರ್ 12. ಅಲ್ಲಿ ಸಿಕ್ಕಿದ್ದು ನೂರು ಕಿಲೋಗೂ ಜಾಸ್ತಿ.

ಭಯ ಪಡಬೇಕಾದದ್ದು ಬೇರೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಗಾತ್ರದ್ದು ಸಿಡಿಯಿತು. ಬೆಳಕು ನೋಡಿದ ಜನ ಏನಿದು ಅಂತ ಕಿಟಕಿಗೆ ಬಂದು ನಿಂತರು. ಎರಡು ನಿಮಿಷ ದಾಟಿದ ಮೇಲೆ ಸದ್ದಿನ ಅಲೆ ಬಂದು ಗಾಜು ಒಡೆಯಿತು. ಗಾಯವಾದವರು ಸುಮಾರು 1500 ಜನ, ಬಹುತೇಕ ಗಾಜಿನಿಂದಲೇ. ನಿನ್ನೆಯದು ಅದರ ಮುಂದೆ ಪುಟಾಣಿ. ಆದರೂ ಹಗಲಿನಂಥ ಬೆಳಕು ಬಂದರೆ ಕೆಲವು ನಿಮಿಷ ಗಾಜಿನಿಂದ ದೂರ ಇರಿ. ಮಾನ್ವಿಯ ಶಟರ್ ಅದುರಿದ್ದೂ ಅದೇ ಕಾರಣಕ್ಕೆ.

ಮಸ್ಕಿ ಬೆಟ್ಟ

ಹಾಗಾದರೆ ನಮ್ಮೂರಲ್ಲಿ ಕಲ್ಲು ಇರಬಹುದಾ? ಅಶೋಕನ ಶಾಸನ ಬಿಟ್ಟರೆ ನಮ್ಮೂರಿನ ಹೆಸರು ಪೇಪರಲ್ಲಿ ಬರುವುದೇ ಕಡಿಮೆ. ಎಲ್ಲಿ ಹುಡುಕಬೇಕು ಹೇಳಿ, ನಾಲ್ಕು ಜನ ರೆಡಿ ಇದ್ದೇವೆ.

ಕೊಪ್ಪಳದ ಮೇಷ್ಟ್ರು

ಇರಬಹುದು. 30 ಕಿ.ಮೀ.ವರೆಗೆ ಉರಿದುಕೊಂಡು ಬಂದಿದೆ, ತುಂಡಾಗಿದೆ, ನಿಧಾನ ಇತ್ತು. ಮೂರೂ ಒಳ್ಳೆಯ ಲಕ್ಷಣ. ಆದರೆ ಈಗಲೇ ಹೊಲಕ್ಕೆ ಇಳಿದರೆ ಬೇರೆಯವರ ಜೋಳ ತುಳಿದು ಬೈಸಿಕೊಳ್ಳುತ್ತೀರಿ ಅಷ್ಟೇ. ನನ್ನ ಗೆರೆಯಲ್ಲಿ ಆಚೀಚೆ ಹತ್ತು ಕಿ.ಮೀ. ತಪ್ಪಿರಬಹುದು. ಬೆಳಕು ಆರಿದ ಮೇಲೂ ಕಲ್ಲು ಇನ್ನಷ್ಟು ಮುಂದೆ ಹೋಗುತ್ತದೆ. ಮೇಲಿನ ಗಾಳಿ ಸಣ್ಣವನ್ನು ಕೆಲವು ಕಿ.ಮೀ. ಪಕ್ಕಕ್ಕೆ ತಳ್ಳುತ್ತದೆ. ಹೈದರಾಬಾದಿನಿಂದ ಹವಾಮಾನ ಇಲಾಖೆ ಬಿಡುವ ಬಲೂನಿನ ಗಾಳಿ ಲೆಕ್ಕ ತೆಗೆದು ನೋಡಬೇಕು.

ನೆಲವೂ ನಮಗೆ ವಿರೋಧಿ. ಎರೆ ಹೊಲದಲ್ಲಿ ಈಗ ಬಿರುಕು ಬಿಟ್ಟಿರುತ್ತದೆ, ಸಣ್ಣ ಕಲ್ಲು ಅದರೊಳಗೆ ಇಳಿದರೆ ಮುಗಿಯಿತು. ಕಪ್ಪು ಮಣ್ಣಿನ ಮೇಲೆ ಕಪ್ಪು ಕಲ್ಲು ಬೇರೆ. ಹಟ್ಟಿ-ಮಸ್ಕಿ ಪಟ್ಟಿಯಲ್ಲಿ ಮೊದಲೇ ಕಪ್ಪು ಬಂಡೆ ಜಾಸ್ತಿ. ಹುಡುಕುವುದಾದರೆ ಬಿಳಿ ಬಂಡೆ ಇರುವ ಕಡೆ, ಕಣ, ಮಾಳಿಗೆ, ರಸ್ತೆ, ಶಾಲೆಯ ಮೈದಾನ ನೋಡಿ. ನಿನ್ನೆ ಇಲ್ಲದ ಕಲ್ಲು ಇವತ್ತು ಮಾಳಿಗೆ ಮೇಲಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

ಸಿಕ್ಕರೆ ಎತ್ತುವ ಮೊದಲು ಫೋಟೋ, ಜಾಗದ ಲೊಕೇಶನ್. ನೀರಲ್ಲಿ ತೊಳೆಯಬೇಡಿ. ಅರಿಶಿನ ಕುಂಕುಮ ಹಚ್ಚಬೇಡಿ, ಪೂಜೆ ದೂರದಿಂದಲೇ ಮಾಡಿ. ಸ್ಪೀಕರಿನ ಆಯಸ್ಕಾಂತ ಕಿತ್ತು ತಂದು ಉಜ್ಜಲೂಬೇಡಿ. ಆ ಕಲ್ಲಿನಲ್ಲಿ ಸೌರಮಂಡಲ ಹುಟ್ಟಿದ ಕಾಲದ ಕಾಂತಗುಣ ಉಳಿದಿರಬಹುದು, ನಮ್ಮ ಆಯಸ್ಕಾಂತ ಅದನ್ನು ಒಂದು ಕ್ಷಣದಲ್ಲಿ ಅಳಿಸಿಬಿಡುತ್ತದೆ. ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಹಶೀಲ್ದಾರ್ ಕಚೇರಿಗೆ ತಿಳಿಸಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು.

ಈಗ ಕಲ್ಲಿಗಿಂತ ಮೊದಲು ಬೇಕಾಗಿರುವುದು ಕ್ಯಾಮೆರಾ. ಲಿಂಗಸುಗೂರು, ಸಿಂಧನೂರು, ಮುದಗಲ್ ಕಡೆ ಅಂಗಡಿ, ಪೆಟ್ರೋಲ್ ಬಂಕ್, ಎಟಿಎಂ ಎಲ್ಲ ಕಡೆ ಸಿಸಿಟಿವಿ ಇದೆ. ದಯವಿಟ್ಟು 7:45ರಿಂದ 8 ಗಂಟೆಯವರೆಗಿನದು ತೆಗೆಸಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ, ತಡ ಮಾಡಿದರೆ ಹೋಯಿತು. ನೋಡಿದವರು ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ವೆಬ್‌ಸೈಟಿನಲ್ಲೂ ವರದಿ ಹಾಕಿ. ಅವರೂ ಇದೇ ದಿಕ್ಕು, ಎತ್ತರ ಕೇಳುತ್ತಾರೆ.

ಲಿಂಗಸುಗೂರು ಬೈಪಾಸ್

ನಮ್ಮ ಪರಿಚಯದ ಬಂಕ್‌ಗೆ ಹೋಗಿ ನೋಡಿದೆ. ಕ್ಯಾಮೆರಾ ನೆಲಕ್ಕೆ ಮುಖ ಮಾಡಿದೆ. ಆಕಾಶ ಒಂಚೂರೂ ಇಲ್ಲ. ನೆಲ ಬೆಳ್ಳಗಾಗುತ್ತೆ, ಬೋರ್ಡಿನ ಕಂಬದ ನೆರಳು ಗಿರ್ರನೆ ತಿರುಗುತ್ತೆ, ಮತ್ತೆ ಕತ್ತಲು. ಇದರಿಂದ ಏನು ಪ್ರಯೋಜನ ಅಂತ ಬಿಟ್ಟು ಬಂದೆ.

ಕೊಪ್ಪಳದ ಮೇಷ್ಟ್ರು

ಅಯ್ಯೋ, ಬಿಟ್ಟು ಬರಬೇಡಿ! ನೆರಳು ಸಾಕು. ಚೆಲ್ಯಾಬಿನ್ಸ್ಕ್ ಉಲ್ಕೆಯ ದಾರಿಯನ್ನು ಮೊದಮೊದಲು ಲೆಕ್ಕ ಹಾಕಿದವರು ಬಳಸಿದ್ದು ಅಲ್ಲಿನ ಚೌಕದ ದೀಪದ ಕಂಬಗಳ ನೆರಳನ್ನೇ. ಕಂಬದ ಎತ್ತರ ಗೊತ್ತಿದ್ದರೆ, ನೆರಳಿನ ಉದ್ದದಿಂದ ಉಲ್ಕೆ ಎಷ್ಟು ಡಿಗ್ರಿ ಮೇಲಿತ್ತು ಅಂತ ಸಿಗುತ್ತದೆ. ನೆರಳು ಬಿದ್ದ ಕಡೆಯ ಎದುರಿಗೆ ಉಲ್ಕೆ ಇರುತ್ತದೆ. ಒಂದೊಂದು ಫ್ರೇಮಿಗೂ ಹೀಗೆ ತೆಗೆಯಬಹುದು. ನಮ್ಮೆಲ್ಲರ ಮುಷ್ಟಿ ಲೆಕ್ಕಕ್ಕಿಂತ ಇದು ಹತ್ತು ಪಾಲು ಮೇಲು.

ವಿಡಿಯೋ ಪೂರ್ತಿ ಕಾಪಿ ಮಾಡಿಸಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಕ್ವಾಲಿಟಿ ಹೋಗುತ್ತದೆ. ಕ್ಯಾಮೆರಾ ಗಡಿಯಾರವನ್ನೂ ಫೋನಿನ ಗಡಿಯಾರವನ್ನೂ ಒಟ್ಟಿಗೆ ಫೋಟೋ ತೆಗೆಯಿರಿ. ಬಂಕ್ ಕ್ಯಾಮೆರಾ ಟೈಮ್ ಎಲ್ಲೂ ಸರಿ ಇರುವುದಿಲ್ಲ. ಕಂಬದ ಎತ್ತರ, ನೆರಳು ಬಿದ್ದ ಜಾಗದ ಟೈಲ್ಸ್ ಅಳತೆ ಎರಡೂ ಬೇಕು.

ಲಿಂಗಸುಗೂರು ಬೈಪಾಸ್

ಟೈಮ್ ಈಗಲೇ ನೋಡಿ ಬಂದೆ, ಕ್ಯಾಮೆರಾ ಹನ್ನೊಂದು ನಿಮಿಷ ಮುಂದಿದೆ. ಬೆಳಿಗ್ಗೆ ಗೌಂಡಿ ಹತ್ತಿರ ಟೇಪು ಇಸ್ಕೊಂಡು ಕಂಬ ಅಳೆಯುತ್ತೇನೆ. ವಿಡಿಯೋ ಕೊಡೋಕೆ ಮಾಲೀಕರದ್ದು ಅಭ್ಯಂತರ ಇಲ್ಲ, ಪೆನ್‌ಡ್ರೈವ್ ಮಾತ್ರ ನೀವೇ ತನ್ನಿ ಅಂದಿದ್ದಾರೆ. ಎಷ್ಟು ಜಿಬಿದು ತಗೊಳ್ಳಲಿ?

ಕೊಪ್ಪಳದ ಮೇಷ್ಟ್ರು

ಹದಿನೈದು ನಿಮಿಷಕ್ಕೆ 16 ಜಿಬಿ ಧಾರಾಳ. ದುಡ್ಡು ನಾನು ಕೊಡುತ್ತೇನೆ.